ಲ್ಯಾಕ್ರೋಸ್ ತಂಡ ಕಟ್ಟಲು ಶುಲ್ಕದ ಹಣವೊಂದೇ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದ ಶಾಲಾ ಕ್ರೀಡೆಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅಮೆರಿಕದ ಖಾಸಗಿ ಪ್ರೌಢಶಾಲೆಗಳಿಗೆ ಹಣದ ಕೊರತೆಯಿಲ್ಲ, ಹಾಗಾಗಿ ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಲ್ಯಾಕ್ರೋಸ್‌ನಂಥ ದುಬಾರಿ ಆಟದಲ್ಲೂ ಅವು ಸಲೀಸಾಗಿ ಬಲಿಷ್ಠ ತಂಡ ಕಟ್ಟುತ್ತವೆ, ಆ ತಂಡದಲ್ಲಿ ಆಡಿದ ಮಕ್ಕಳು ಸ್ಕಾಲರ್‌ಶಿಪ್ ಪಡೆದು ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೋಗುತ್ತಾರೆ ಎಂಬುದು ಲೇಖನದ ಒಟ್ಟು ಅಭಿಪ್ರಾಯವಾಗಿತ್ತು. ನಾನು ಹಾಸನ ಜಿಲ್ಲೆಯವಳು. ಹದಿನೆಂಟು ವರ್ಷಗಳಿಂದ ನಾರ್ತ್ ಕೆರೊಲಿನಾ ರಾಜ್ಯದ ಕ್ಯಾರಿ ಪಟ್ಟಣದಲ್ಲಿದ್ದೇನೆ. ನಾಲ್ಕು ವರ್ಷಗಳಿಂದ ಮಗನ ಶಾಲೆಯ ಲ್ಯಾಕ್ರೋಸ್ ತಂಡದ ಸ್ಕೋರ್ ಪುಸ್ತಕವನ್ನು ಬರೆಯುತ್ತಿದ್ದೇನೆ. ಅಂಕಣದ ಅಂಚಿನ ಮೇಜಿನಲ್ಲಿ ಕೂತು, ಕೈ ಮರಗಟ್ಟಿಸುವ ಫೆಬ್ರವರಿಯ ಚಳಿಯಲ್ಲಿ ಪೆನ್ಸಿಲ್ ಹಿಡಿದು ಕಂಡದ್ದನ್ನೆಲ್ಲ ದಾಖಲಿಸಿದ ನನಗೆ ಆ ಅಭಿಪ್ರಾಯದ ಮೊದಲರ್ಧ ಅರೆಸತ್ಯವೆಂದೂ ಉಳಿದರ್ಧ ತಪ್ಪೆಂದೂ ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ಟನ್ನು ಸೇರಿಸಿದಾಗ ನಮ್ಮ ಪತ್ರಿಕೆಗಳ ಮುಖಪುಟವೆಲ್ಲ ಅದೇ ಸುದ್ದಿಯಾಗಿತ್ತು. ಅದೇ ತೀರ್ಮಾನದಲ್ಲಿ ಲ್ಯಾಕ್ರೋಸ್ ಕೂಡ ಇತ್ತು. ಕ್ರಿಕೆಟ್ 1900ರ ಪ್ಯಾರಿಸ್ ನಂತರ ಮರಳುತ್ತಿದ್ದರೆ, ಲ್ಯಾಕ್ರೋಸ್ 1908ರ ಲಂಡನ್ ನಂತರ ಈಗ ಮತ್ತೆ ಪದಕದ ಆಟವಾಗುತ್ತಿದೆ. ಒಲಿಂಪಿಕ್ಸ್‌ನಲ್ಲಿ ಆಡುವುದು ತಂಡಕ್ಕೆ ಆರು ಮಂದಿಯ ಚುಟುಕು ಆಟ. ಇಲ್ಲಿನ ಹೈಸ್ಕೂಲ್ ಹುಡುಗರು ಆಡುವುದು ಹತ್ತು ಮಂದಿಯ ಪೂರ್ಣ ಆಟ. ಉದ್ದ 110 ಗಜ, ಅಗಲ 60 ಗಜದ ಅಂಕಣ, ಆರಡಿ ಅಗಲ ಆರಡಿ ಎತ್ತರದ ಗೋಲು, ತುದಿಯಲ್ಲಿ ಬಲೆಯ ಚೀಲವಿರುವ ಕೋಲು, ಗಟ್ಟಿ ರಬ್ಬರಿನ ಚೆಂಡು. ಓಡುವಾಗ ಚೆಂಡು ಬಲೆಯಿಂದ ಜಾರದಂತೆ ಕೋಲನ್ನು ಮಣಿಕಟ್ಟಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಲೇ ಇರಬೇಕು. ಇದಕ್ಕೆ ಇಲ್ಲಿನವರು ಹೇಳುವ ಪದ ಕ್ರೇಡಲ್, ಅಂದರೆ ತೊಟ್ಟಿಲು ತೂಗುವುದು. ಮಗ ಮೊದಲ ಬಾರಿ ಅದನ್ನು ಮಾಡಿ ತೋರಿಸಿದಾಗ, ಫೋನಿನ ಆ ತುದಿಯಲ್ಲಿದ್ದ ನಮ್ಮಮ್ಮ, ಕೂಸು ಮಲಗಿದೆಯೇನೋ, ಮೆಲ್ಲಗೆ ತೂಗು ಎಂದು ನಕ್ಕಿದ್ದರು.

ಈ ಆಟ ಖಾಸಗಿ ಶಾಲೆಗಳಲ್ಲಿ ಹುಟ್ಟಿದ್ದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳಾದ, ಹೊರಗಿನವರು ಇರೊಕ್ವಾ ಎಂದು ಕರೆದ ಹೋಡೆನೊಶೋನಿ ಜನರಿಗೆ ಅದು ಸೃಷ್ಟಿಕರ್ತ ಕೊಟ್ಟ ಆಟ, ರೋಗ ಕಳೆಯುವ ಮದ್ದು. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬೀರ್ಸ್ ಅದಕ್ಕೆ ಲಿಖಿತ ನಿಯಮಗಳನ್ನು ಕೊಟ್ಟ ಮೇಲೆ ಅದು ಕ್ಲಬ್ಬುಗಳಿಗೂ ಕಾಲೇಜುಗಳಿಗೂ, ಅಲ್ಲಿಂದ ಪೂರ್ವ ಕರಾವಳಿಯ ಶುಲ್ಕದ ಶಾಲೆಗಳಿಗೂ ಹರಿಯಿತು. ಅದನ್ನು ಕೊಟ್ಟ ಜನರ ರಾಷ್ಟ್ರೀಯ ತಂಡಕ್ಕೇ 2010ರಲ್ಲಿ ಇಂಗ್ಲೆಂಡಿನ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಅವರದೇ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪಲಿಲ್ಲ. ಲ್ಯಾಕ್ರೋಸ್ ಎಂದರೆ ಸಿರಿವಂತರ ಆಟ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿಗೆ ಇಷ್ಟಾದರೂ ತಿಳಿದಿರಲಿ ಎಂದು ಹೇಳಿದೆ. ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಸಣ್ಣ ಖಾಸಗಿ ಶಾಲೆಗೆ ಮೊದಲು ಕಾಡುವುದು ತಲೆ ಎಣಿಕೆ. ನಮ್ಮ ಶಾಲೆಯಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಸುಮಾರು 240 ಮಕ್ಕಳಿದ್ದಾರೆ, ಅವರಲ್ಲಿ ಅರ್ಧದಷ್ಟು ಹುಡುಗರು. ಲ್ಯಾಕ್ರೋಸ್ ವಸಂತ ಋತುವಿನ ಆಟ. ಬೇಸ್‌ಬಾಲ್, ಟೆನಿಸ್, ಗಾಲ್ಫ್, ಟ್ರ್ಯಾಕ್ ಎಲ್ಲವೂ ಅದೇ ಋತುವಿನವು. ವೇಗವಾಗಿ ಓಡುವ ಹುಡುಗ ಟ್ರ್ಯಾಕಿಗೆ ಬೇಕು, ಕೈಕಣ್ಣಿನ ಹೊಂದಾಣಿಕೆ ಚೆನ್ನಾಗಿರುವವನು ಬೇಸ್‌ಬಾಲ್‌ಗೆ ಬೇಕು, ಇಬ್ಬರೂ ನಮಗೂ ಬೇಕು. ಮೊದಲ ವರ್ಷ ನಮ್ಮಲ್ಲಿ ಹೆಸರು ಕೊಟ್ಟವರು ಹದಿನೇಳು ಮಂದಿ. ಅವರಲ್ಲಿ ಹಿಂದೆ ಕೋಲು ಹಿಡಿದಿದ್ದವರು ಆರು. ಅಂಕಣಕ್ಕೆ ಹತ್ತು ಜನ ಸಾಕಲ್ಲ ಎಂದು ಓದುಗರು ಕೇಳಬಹುದು. ಮೂವರು ಮಿಡ್‌ಫೀಲ್ಡ್ ಆಟಗಾರರು ಎರಡೂ ತುದಿಗೆ ಓಡಬೇಕಾದ್ದರಿಂದ ಒಂದೆರಡು ನಿಮಿಷಕ್ಕೇ ಅವರಿಗೆ ಏದುಸಿರು ಬರುತ್ತದೆ. ಆಟ ನಿಲ್ಲದೆಯೇ ಹೊಸ ಮೂವರು ಒಳಗೆ ಹೋಗಬೇಕು, ಅವರ ಹಿಂದೆ ಇನ್ನೂ ಮೂವರು ಕಾದಿರಬೇಕು. ನಮ್ಮೆದುರು ಬರುವ ದೊಡ್ಡ ಶಾಲೆಗಳ ಬೆಂಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಕೂತಿದ್ದಾಗ ನಮ್ಮ ಬೆಂಚಿನಲ್ಲಿ ಐದು ಜನ, ಒಂದು ನೀರಿನ ಡ್ರಮ್ಮು, ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಹುಡುಗ. ಮೊದಲ ಎರಡು ಕ್ವಾರ್ಟರ್ ನಾವು ಸಮಬಲದಲ್ಲಿದ್ದು ಮೂರನೆಯದರಲ್ಲಿ ಕುಸಿದ ಪಂದ್ಯಗಳು ಆ ವರ್ಷದ ಪುಸ್ತಕದಲ್ಲಿ ನಾಲ್ಕಿವೆ. ಅದು ಕೌಶಲದ ಸೋಲಲ್ಲ, ಕಾಲಿನ ಸೋಲು.

ನಮ್ಮವರ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಬೇಕು. ಮೇ ತಿಂಗಳ ಮೊದಲ ಎರಡು ವಾರ, ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಠ್ಯಕ್ಕೆ ಬರೆಯುವ ಎಪಿ ಪರೀಕ್ಷೆಗಳು. ಋತುವಿನ ಕೊನೆಯ ಪಂದ್ಯಗಳೂ ಆಗಲೇ. ಭಾರತೀಯ ಮನೆಗಳ ಹುಡುಗರು ಏಪ್ರಿಲ್ ಮಧ್ಯದಲ್ಲೇ ಒಬ್ಬೊಬ್ಬರಾಗಿ ಅಭ್ಯಾಸ ತಪ್ಪಿಸಲು ಶುರು ಮಾಡುತ್ತಾರೆ. ಒಂದು ವರ್ಷ ನಾನೂ ಮಗನನ್ನು ಒಂದು ಪಂದ್ಯಕ್ಕೆ ಕಳಿಸದೆ ಮನೆಯಲ್ಲಿ ಕೂರಿಸಿ ಓದಿಸಿದೆ. ಆ ದಿನ ಮೇಜಿನಲ್ಲಿ ಕೂತು ಸ್ಕೋರ್ ಬರೆದವಳು ಮಾತ್ರ ನಾನೇ, ಆದ್ದರಿಂದ ಹನ್ನೊಂದು ಜನರ ತಂಡವೊಂದು ಹೇಗೆ ಆಡುತ್ತದೆ ಎಂಬುದನ್ನು ಪೂರ್ತಿ ನೋಡುವ ಶಿಕ್ಷೆಯೂ ನನಗೇ ಸಿಕ್ಕಿತು.

ಎಣಿಕೆ ತುಂಬಿದರೂ ಗೋಲ್‌ಕೀಪರ್ ಸಿಗಬೇಕಲ್ಲ. ಪಳಗಿದ ಹೈಸ್ಕೂಲ್ ಹುಡುಗನ ಹೊಡೆತ ಗಂಟೆಗೆ 80 ಮೈಲಿ ಮುಟ್ಟುತ್ತದೆ. ಗೋಲ್‌ಕೀಪರನಿಗೆ ಹೆಲ್ಮೆಟ್, ಗಂಟಲ ಕವಚ, ಎದೆಗವಚ, ಕೈಗವಸು ಇವೆಯಾದರೂ ಕಾಲಿಗೆ ಕ್ರಿಕೆಟ್ ವಿಕೆಟ್‌ಕೀಪರ್‌ಗಿರುವಂಥ ಪ್ಯಾಡ್ ಕಟ್ಟುವ ರೂಢಿಯಿಲ್ಲ. ಚೆಂಡಿನತ್ತ ಚುರುಕಾಗಿ ಹೆಜ್ಜೆ ಹಾಕಲು ಅದು ಅಡ್ಡಿ. ನಮಗೆ ಕೊನೆಗೂ ಸಿಕ್ಕ ಹುಡುಗ ಶಾಲೆಯ ನಾಟಕಗಳಲ್ಲಿ ದೀಪಗಳನ್ನು ನೋಡಿಕೊಳ್ಳುತ್ತಿದ್ದವನು, ಯಾವ ಆಟಕ್ಕೂ ಸೇರದವನು. ಗೆಳೆಯರ ಒತ್ತಾಯಕ್ಕೆ ನಿಂತ. ಮೊದಲ ವಾರ ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚಿ ತಲೆ ತಿರುಗಿಸುತ್ತಿದ್ದ. ಎರಡನೆಯ ತಿಂಗಳ ಹೊತ್ತಿಗೆ ತೊಡೆಯ ಮೇಲಿನ ನೇರಳೆ ಹಣ್ಣಿನ ಬಣ್ಣದ ದುಂಡನೆ ಗುರುತುಗಳನ್ನು ಎಣಿಸಿ ತೋರಿಸಿಕೊಂಡು ಓಡಾಡುತ್ತಿದ್ದ. ಅವನ ತಾಯಿ ಮಾತ್ರ ಒಂದು ಪಂದ್ಯವನ್ನೂ ನೆಟ್ಟಗೆ ನೋಡಲಿಲ್ಲ. ಕಾರಿನಲ್ಲಿ ಕೂತು ನನಗೆ ಫೋನಿನಲ್ಲಿ ಸಂದೇಶ ಕಳಿಸಿ ಗೋಲುಗಳ ಲೆಕ್ಕ ಕೇಳುತ್ತಿದ್ದರು.

ದುರ್ಬಲ ತಂಡ ಎಲ್ಲಿ ಸೋಲುತ್ತದೆ ಎಂಬುದು ಗ್ಯಾಲರಿಯಲ್ಲಿ ಕೂತವರಿಗಿಂತ ಸ್ಕೋರ್ ಪುಸ್ತಕಕ್ಕೆ ಚೆನ್ನಾಗಿ ಗೊತ್ತು. ಮೊದಲ ವರ್ಷದ ಮಾರ್ಚ್‌ನಲ್ಲಿ ನಾವು 18–1ರಿಂದ ಸೋತ ಒಂದು ಪಂದ್ಯದ ಪುಟ ನನ್ನೆದುರಿಗಿದೆ. ಆ ದಿನ ನಮ್ಮ ದೀಪದ ಹುಡುಗ ಹದಿನಾಲ್ಕು ಹೊಡೆತಗಳನ್ನು ತಡೆದಿದ್ದಾನೆ. ಹದಿನಾಲ್ಕು ತಡೆದ ಮೇಲೂ ಹದಿನೆಂಟು ಗೋಲು ಬಿದ್ದದ್ದು ಹೇಗೆ ಎಂಬುದಕ್ಕೆ ಉತ್ತರ ಪಕ್ಕದ ಕಾಲಮ್ಮಿನಲ್ಲಿದೆ. ಚೆಂಡು ಕೈಗೆ ಸಿಕ್ಕ ತಂಡ ಅದನ್ನು ತನ್ನ ತುದಿಯಿಂದ ನಡುಗೆರೆಯಾಚೆಗೆ ದಾಟಿಸುವುದಕ್ಕೆ ಕ್ಲಿಯರ್ ಎನ್ನುತ್ತಾರೆ. ಹೈಸ್ಕೂಲ್ ನಿಯಮದಲ್ಲಿ ಅದಕ್ಕೆ 20 ಸೆಕೆಂಡು ಅವಕಾಶ. ಆ ದಿನ ನಾವು 23 ಸಲ ಯತ್ನಿಸಿ 9 ಸಲ ಮಾತ್ರ ದಾಟಿಸಿದ್ದೆವು. ಉಳಿದ ಹದಿನಾಲ್ಕು ಸಲವೂ ಆರಡಿ ಉದ್ದದ ಕೋಲು ಹಿಡಿದ ನಮ್ಮ ರಕ್ಷಣಾ ಆಟಗಾರ ಎದುರಾಳಿ ಮೈಮೇಲೆ ಬಂದ ಕೂಡಲೇ ಗಾಬರಿಯಾಗಿ ಚೆಂಡನ್ನು ಎಲ್ಲಿಗೋ ಎಸೆದಿದ್ದಾನೆ, ಇಲ್ಲವೇ ಕೆಳಗೆ ಬಿದ್ದ ಚೆಂಡನ್ನು ಎತ್ತಿಕೊಳ್ಳಲಾಗದೆ ಕೋಲಿನಿಂದ ತಡಕಾಡಿದ್ದಾನೆ. ಗೋಲ್‌ಕೀಪರ್ ಒಮ್ಮೆ ತಡೆದ ಚೆಂಡನ್ನು ಅವನೇ ಮತ್ತೆ ಎರಡನೆಯ ಸಲ, ಮೂರನೆಯ ಸಲ ತಡೆಯಬೇಕಾಗುತ್ತದೆ.

ಇದರ ಜೊತೆಗೆ ಫೇಸ್‌ಆಫ್ ಇದೆ. ಫುಟ್‌ಬಾಲ್‌ನಲ್ಲಿ ಗೋಲು ಬಿಟ್ಟುಕೊಟ್ಟ ತಂಡಕ್ಕೆ ಚೆಂಡು ಸಿಗುತ್ತದೆ. ಲ್ಯಾಕ್ರೋಸ್‌ನಲ್ಲಿ ಹಾಗಲ್ಲ, ಗೋಲಾದ ಮೇಲೂ ನಡುವೆ ಚೆಂಡಿಟ್ಟು ಇಬ್ಬರು ಅದಕ್ಕಾಗಿ ಕಿತ್ತಾಡಬೇಕು, ಗೆದ್ದವನ ತಂಡಕ್ಕೇ ಮತ್ತೆ ಚೆಂಡು. ನಮ್ಮ ಪಕ್ಕದ ಡರಮ್ ನಗರದ ಡ್ಯೂಕ್ ವಿಶ್ವವಿದ್ಯಾಲಯ 2010ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದದ್ದೇ ಹಾಗೆ: ನೋಟರ್ ಡೇಮ್ ಎದುರು ಹೆಚ್ಚುವರಿ ಆಟದ ಫೇಸ್‌ಆಫ್ ಗೆದ್ದ ಆಟಗಾರನೇ ನೇರ ಓಡಿ ಐದನೆಯ ಸೆಕೆಂಡಿಗೆ ಗೋಲು ಹೊಡೆದ, 6–5. ಈ ಒಂದು ಕೆಲಸದಲ್ಲಿ ನುರಿತ ಹುಡುಗ ಎದುರು ತಂಡದಲ್ಲಿದ್ದು ನಮ್ಮಲ್ಲಿ ಇಲ್ಲದಿದ್ದರೆ, ನಾವು ಚೆಂಡನ್ನು ಮುಟ್ಟದೆಯೇ ಒಂದು ಕ್ವಾರ್ಟರಿನ ಹನ್ನೆರಡು ನಿಮಿಷ ಕಳೆದುಹೋಗಬಹುದು. ದ್ವಿತೀಯಾರ್ಧದಲ್ಲಿ ಅಂತರ 12 ಗೋಲು ತಲುಪಿದರೆ ಗಡಿಯಾರವನ್ನು ನಿಲ್ಲಿಸದೆ ಓಡಲು ಬಿಡಬೇಕೆಂಬ ನಿಯಮವಿದೆ. ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದವರು 18–1ರ ಆ ದಿನ ಗುಂಡಿಯಿಂದ ಕೈ ತೆಗೆದು ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡರು. ಆ ಸದ್ದು ನನಗೆ ಇನ್ನೂ ನೆನಪಿದೆ.

ಚೆಂಡು ಹಿಡಿಯುವುದು, ಎಸೆಯುವುದು, ನೆಲದಿಂದ ಎತ್ತುವುದು ಹದಿನೈದನೆಯ ವಯಸ್ಸಿನಲ್ಲಿ ಮೂರು ತಿಂಗಳಿಗೆ ಬರುವ ವಿದ್ಯೆಯಲ್ಲ. ಬಾಲ್ಟಿಮೋರ್ ಸುತ್ತಮುತ್ತ ಏಳೆಂಟು ವರ್ಷದ ಮಕ್ಕಳ ಕೈಯಲ್ಲೇ ಕೋಲಿರುತ್ತದೆ. ಮೇರಿಲ್ಯಾಂಡ್ ರಾಜ್ಯ 2004ರಲ್ಲಿ ಲ್ಯಾಕ್ರೋಸ್ಸನ್ನು ತನ್ನ ಅಧಿಕೃತ ತಂಡ ಆಟವೆಂದೇ ಘೋಷಿಸಿದೆ. ಅಲ್ಲಿನ ಗಿಲ್ಮನ್, ಮೆಕ್‌ಡೊನೊ, ಕ್ಯಾಲ್ವರ್ಟ್ ಹಾಲ್‌ನಂಥ ಖಾಸಗಿ ಶಾಲೆಗಳ ತಂಡಗಳು ದೇಶದಲ್ಲೇ ಮುಂಚೂಣಿಯಲ್ಲಿರುವುದಕ್ಕೆ ಆ ಶಾಲೆಗಳ ಶುಲ್ಕಕ್ಕಿಂತ ಆ ಊರಿನ ಓಣಿಗಳೇ ದೊಡ್ಡ ಕಾರಣ. ನಮ್ಮ ಓದುಗರಿಗೆ ಕೊಡಗಿನ ಉದಾಹರಣೆ ಸಾಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ತಂಡ ಕಟ್ಟಲು ಯಾವ ಮನೆತನವೂ ಹೊರಗಿನ ಆಟಗಾರರನ್ನು ಹುಡುಕುವುದಿಲ್ಲ, ಕೋಲು ಮನೆಯ ಮೂಲೆಯಲ್ಲೇ ಇರುತ್ತದೆ. ಕೊಡಗಿನಲ್ಲಿ ಒಂದು ಶಾಲೆ ಒಳ್ಳೆಯ ಹಾಕಿ ತಂಡ ಕಟ್ಟಿದರೆ ಶ್ರೇಯವನ್ನು ಶಾಲೆಗಷ್ಟೇ ಕೊಡುವುದು ಹೇಗೆ ಸರಿಯಲ್ಲವೋ, ಬಾಲ್ಟಿಮೋರಿನ ಶಾಲೆಯನ್ನು ನೋಡಿ ಉಳಿದ ಊರಿನ ಶಾಲೆಗಳೆಲ್ಲ ಹಾಗೇ ಎನ್ನುವುದೂ ಸರಿಯಲ್ಲ.

ಹಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹೆಲ್ಮೆಟ್ ಒಂದಕ್ಕೇ 300 ಡಾಲರ್ ಆಸುಪಾಸು. ಕೋಲು, ಕೈಗವಸು, ತೋಳಿನ ಪ್ಯಾಡು, ಎದೆ–ಭುಜದ ಕವಚ ಸೇರಿದರೆ ಅದರ ದುಪ್ಪಟ್ಟು ದಾಟುತ್ತದೆ. ಗೋಲ್‌ಕೀಪರನಿಗಷ್ಟೇ ಅಲ್ಲದೆ ಉಳಿದ ಹೈಸ್ಕೂಲ್ ಹುಡುಗರಿಗೂ 2022ರಿಂದ ಎದೆಯ ಕವಚ ಒಂದು ನಿರ್ದಿಷ್ಟ ಸುರಕ್ಷತಾ ಮಾನದಂಡಕ್ಕೆ ಒಳಪಟ್ಟಿರಬೇಕು, ಏಕೆಂದರೆ ಹೃದಯ ಬಡಿತದ ಒಂದು ನಿರ್ದಿಷ್ಟ ಕ್ಷಣಕ್ಕೆ ಸರಿಯಾಗಿ ಚೆಂಡು ಎದೆಗೆ ಬಡಿದರೆ ಆರೋಗ್ಯವಂತ ಹುಡುಗನ ಹೃದಯವೂ ನಿಂತುಹೋಗಬಹುದು. ಹೀಗಾಗಿ ಅಣ್ಣನ ಹಳೆಯ ಕವಚವನ್ನು ತಮ್ಮನಿಗೆ ಕೊಡುವ ಉಳಿತಾಯವೂ ಹೋಯಿತು. ಚೆಂಡುಗಳು ಕೂಡ ಹಳತಾದಂತೆ ಗಟ್ಟಿಯಾಗಿ, ಎಣ್ಣೆ ಸವರಿದಂತೆ ನುಣುಪಾಗಿ ಬಲೆಯಲ್ಲಿ ನಿಲ್ಲದೆ ಜಾರುತ್ತವೆ; ಅವನ್ನು ವರ್ಷ ವರ್ಷ ಬದಲಿಸಬೇಕು. ಇವೆಲ್ಲ ಹಣದಿಂದ ಆಗುವ ಕೆಲಸಗಳು. ಪೋಷಕರ ಬಳಗ ಕೇಕು ಮಾರಿ, ಕಾರು ತೊಳೆದು, ನಮ್ಮಂಥವರು ಚಿತ್ರಾನ್ನ, ಸಮೋಸ ಮಾರಿ ಅದನ್ನು ಹೊಂದಿಸಿಕೊಂಡಿದ್ದೂ ಉಂಟು.

ಹಣದಿಂದ ಆಗದೆ ಉಳಿದದ್ದು ಸಮಯ ಮತ್ತು ಜಾಗ. ನಮ್ಮ ಶಾಲೆಗೆ ಇರುವುದು ಒಂದೇ ದೊಡ್ಡ ಮೈದಾನ. ಈ ರಾಜ್ಯದಲ್ಲಿ ಹುಡುಗಿಯರ ಸಾಕರ್ ಕೂಡ ವಸಂತದಲ್ಲೇ ನಡೆಯುತ್ತದೆ, ಮೈದಾನದ ಹಕ್ಕಿನಲ್ಲಿ ಅವರದು ಹಳೆಯ ಪಾಲು. ಫೆಬ್ರವರಿಯಲ್ಲಿ ಸಂಜೆ ಆರಕ್ಕೆ ಕತ್ತಲಾಗುತ್ತದೆ, ದೀಪದ ಕಂಬಗಳಿಲ್ಲ. ಹುಡುಗರಿಗೆ ಹುಲ್ಲಿನ ಮೇಲೆ ಸಿಗುತ್ತಿದ್ದದ್ದು ಐವತ್ತು ನಿಮಿಷ, ಉಳಿದ ಅಭ್ಯಾಸ ಕಾರು ನಿಲ್ಲಿಸುವ ಜಾಗದಲ್ಲಿ. ಡಾಂಬರಿನ ಮೇಲೆ ಚೆಂಡು ಎತ್ತುವುದನ್ನು ಕಲಿತ ಹುಡುಗ ಹುಲ್ಲಿನ ಮೇಲೆ ಎತ್ತಲು ಹೋದರೆ ಕೋಲಿನ ತುದಿ ನೆಲಕ್ಕೆ ಸಿಕ್ಕಿ ಮುಗ್ಗರಿಸುತ್ತಾನೆ. ಹುಡುಗಿಯರಿಗೂ ಒಂದು ಲ್ಯಾಕ್ರೋಸ್ ತಂಡ ಬೇಕೆಂಬ ಬೇಡಿಕೆ ಎರಡು ಸಲ ಬಂತು. ಅವರ ಆಟದಲ್ಲಿ ಹನ್ನೆರಡು ಮಂದಿ, ಅಂಕಣದ ಗೆರೆಗಳೂ ಬೇರೆ. ಎಣಿಕೆ ತುಂಬದೆ ಆ ಪ್ರಯತ್ನ ನಿಂತಿತು. ನನ್ನ ಮಗಳಿಗೆ ಅದರ ಸಿಟ್ಟು ಇನ್ನೂ ಇದೆ.

ಇನ್ನು ಕೋಚ್ ವಿಚಾರ. ನಾಲ್ಕು ವರ್ಷಗಳಲ್ಲಿ ಮೂವರನ್ನು ಕಂಡೆವು. ಮೊದಲನೆಯವರು ಕಾಲೇಜಿನಲ್ಲಿ ಹೆಸರು ಮಾಡಿದ್ದ ಆಟಗಾರ. ಹಗಲು ವಿಮಾ ಕಂಪನಿಯ ಕೆಲಸ, ಸಂಜೆ ನಮ್ಮ ಹುಡುಗರು. ಒಂದು ಋತು ಮುಗಿಯುವಷ್ಟರಲ್ಲಿ ಬೇರೆ ಊರಿಗೆ ವರ್ಗವಾಯಿತು. ಎರಡನೆಯವರು ಯುವಕ, ಹುಡುಗರಿಗೆ ಬಹಳ ಇಷ್ಟ. ಮೇಲಿನ ಓದಿಗೆಂದು ಹೊರಟರು. ಆಗ ಪೋಷಕರ ಸಭೆಯಲ್ಲಿ ಕೆಲವರು ದೊಡ್ಡ ಹೆಸರಿನ ಕೋಚನ್ನು ಹೆಚ್ಚು ಸಂಭಾವನೆ ಕೊಟ್ಟು ಕರೆಸಬೇಕೆಂದು ಪಟ್ಟು ಹಿಡಿದರು, ಬೇಕಾದ ಹಣವನ್ನು ತಾವೇ ಕೊಡುವುದಾಗಿಯೂ ಹೇಳಿದರು. ನಾನೂ ಕೈ ಎತ್ತಿದ್ದೆ. ಆದರೆ ಪ್ರಾಂಶುಪಾಲರು ಶಾಲೆಯ ಇತಿಹಾಸ ಮೇಷ್ಟ್ರಿಗೇ ತಂಡವನ್ನು ಒಪ್ಪಿಸಿದರು. ಅವರು ಜೀವನದಲ್ಲಿ ಲ್ಯಾಕ್ರೋಸ್ ಆಡಿದವರೇ ಅಲ್ಲ. ಸಭೆಯಿಂದ ಹೊರಬರುವಾಗ ಒಬ್ಬರು, ಇನ್ನು ತಂಡದ ತಿಥಿ ಮಾಡಬಹುದು ಎಂದರ್ಥದ ಮಾತಾಡಿದರು.

ಆ ಮೇಷ್ಟ್ರು ಮಾಡಿದ್ದು ಇಷ್ಟೇ. ಜಿಮ್ನೇಶಿಯಂನ ಹಿಂಬದಿಯ ಇಟ್ಟಿಗೆ ಗೋಡೆಯ ಮುಂದೆ ಹುಡುಗರನ್ನು ಊಟದ ಬಿಡುವಿನಲ್ಲಿ ದಿನವೂ ಇಪ್ಪತ್ತು ನಿಮಿಷ ನಿಲ್ಲಿಸಿದರು: ಬಲಗೈಯಲ್ಲಿ ನೂರು, ಎಡಗೈಯಲ್ಲಿ ನೂರು. ಗೋಡೆಗೆ ಎಸೆದು ಹಿಡಿಯುವ ಈ ವಾಲ್ ಬಾಲ್ ಈ ಆಟದ ಸರಳೆ–ಜಂಟಿ ಇದ್ದಂತೆ. ಬೇಸರದ ಕೆಲಸ, ಬಿಟ್ಟರೆ ಕೈ ಉಳಿಯುವುದಿಲ್ಲ. ಶಾಲೆಯಲ್ಲೇ ಇರುವವರಾದ್ದರಿಂದ ಯಾರು ಬರಲಿಲ್ಲವೆಂಬುದು ಅವರಿಗೆ ಮುಂದಿನ ಪೀರಿಯಡ್ಡಿನಲ್ಲೇ ಗೊತ್ತಾಗುತ್ತಿತ್ತು. ತಾವೂ ಒಂದು ಕೋಲು ಕೊಂಡು ಹುಡುಗರ ಪಕ್ಕದಲ್ಲಿ ನಿಂತು ಚೆಂಡು ಬೀಳಿಸುತ್ತಲೇ ಕಲಿತರು. ಪ್ರತಿ ಪಂದ್ಯದ ಮರುದಿನ ನನ್ನ ಪುಸ್ತಕವನ್ನು ಕೇಳಿ ಪಡೆದು ಕ್ಲಿಯರ್ ಕಾಲಮ್ಮನ್ನು ಮಾತ್ರ ನೋಡುತ್ತಿದ್ದರು. ಗೋಲುಗಳ ಬಗ್ಗೆ ವಿಚಾರಿಸಿದ್ದು ನನಗೆ ನೆನಪಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಬಾಗಿಲು ತೆರೆದು, ಶಾಲೆಯ ಉಗ್ರಾಣದಲ್ಲಿದ್ದ ಹೆಚ್ಚುವರಿ ಕೋಲುಗಳನ್ನು ಅವರ ಕೈಗೆ ಕೊಟ್ಟು ಮನೆಗೆ ಒಯ್ಯಲು ಬಿಟ್ಟರು. ಹನ್ನೆರಡು ಕೋಲು ಕಳೆದುಹೋದವು ಎಂದು ಪೋಷಕರ ಬಳಗದ ಖಜಾಂಚಿ ದೂರಿದರು. ಆ ಕೋಲುಗಳೊಂದಿಗೆ ಬೆಳೆದ ಐದು ಮಕ್ಕಳು ಈಗ ಹೈಸ್ಕೂಲ್ ತಂಡದಲ್ಲಿದ್ದಾರೆ.

ಹಾಗೆಂದು ದಾರಿ ಸಲೀಸಾಯಿತು ಎಂದು ಅರ್ಥವಲ್ಲ. ತಂಡ ತುಸು ಸುಧಾರಿಸಿದ ಕೂಡಲೇ ಹೊಸ ತೊಡಕುಗಳು ಬಂದವು. ಮಕ್ಕಳು ಬೇಸಿಗೆಯಲ್ಲಿ ಆಡುವ ಖಾಸಗಿ ಕ್ಲಬ್ಬುಗಳು ವರ್ಷಕ್ಕೆ ಸಾವಿರಾರು ಡಾಲರ್ ಪಡೆಯುತ್ತವೆ. ಅಲ್ಲಿ ಸಿಗುವ ಸಲಹೆಯಲ್ಲಿ ಮೊದಲನೆಯದು, ಹೆಸರಿರುವ ತಂಡದ ಶಾಲೆಗೆ ಸೇರಿಕೊಳ್ಳಿ ಎಂಬುದು. ನಮ್ಮ ಎಂಟನೆಯ ತರಗತಿಯ ಅತ್ಯುತ್ತಮ ಆಟಗಾರ ಹೀಗೆಯೇ ಇನ್ನೊಂದು ಶಾಲೆಗೆ ಹೋದ. ಆಟಕ್ಕೆಂದು ಮಕ್ಕಳನ್ನು ಸೆಳೆಯಬಾರದೆಂಬ ನಿಯಮ ಶಾಲಾ ಸಂಘಗಳ ಪುಸ್ತಕಗಳಲ್ಲಿ ಇರುತ್ತದೆ, ಆದರೆ ಸೆಳೆತವನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಇನ್ನೊಂದು ರೂಢಿಗೆ ರೀಕ್ಲಾಸ್ ಎಂದು ಹೆಸರು. ಶಾಲೆ ಬದಲಿಸುವಾಗ ಹುಡುಗನನ್ನು ಬೇಕೆಂದೇ ಎಂಟನೆಯದೋ ಒಂಬತ್ತನೆಯದೋ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತಾರೆ. ಹನ್ನೆರಡನೆಯ ತರಗತಿಗೆ ಬರುವಷ್ಟರಲ್ಲಿ ಅವನು ಓರಗೆಯವರಿಗಿಂತ ಒಂದು ವರ್ಷ ದೊಡ್ಡವನು, ಇಪ್ಪತ್ತು ಪೌಂಡು ಹೆಚ್ಚು ಭಾರದವನು. ನಮ್ಮೂರಿನಲ್ಲಿ ನಪಾಸಾದ ಹುಡುಗ ನೆಂಟರ ಮದುವೆಗೂ ಹೋಗದೆ ಅಡಗಿಕೊಳ್ಳುತ್ತಿದ್ದ; ಇಲ್ಲಿ ಶುಲ್ಕ ಕಟ್ಟಿ ಹಿಂದುಳಿಯುತ್ತಾರೆ. ಕಾನೂನಿನಲ್ಲಿ ಇದು ತಪ್ಪಲ್ಲ. ಹತ್ತೊಂಬತ್ತರ ಹೊಸ್ತಿಲಲ್ಲಿರುವವನು ಹದಿನಾಲ್ಕರ ನಮ್ಮ ಹುಡುಗನನ್ನು ಭುಜದಿಂದ ತಳ್ಳಿ ನೆಲಕ್ಕೆ ಕೆಡವಿದಾಗ, ಮೇಜಿನಲ್ಲಿ ಕೂತು ಅದನ್ನು ಗ್ರೌಂಡ್ ಬಾಲ್, ಅಂದರೆ ನೆಲದಿಂದ ಎತ್ತಿಕೊಂಡ ಚೆಂಡು, ಎಂದು ಎದುರಾಳಿಯ ಲೆಕ್ಕಕ್ಕೆ ಬರೆಯಬೇಕಾದವಳಿಗೆ ಮಾತ್ರ ಅದು ಸುಲಭವಲ್ಲ.

ಪಂದ್ಯಗಳ ಪಟ್ಟಿ ಹೊಂದಿಸುವುದೂ ಒಂದು ಸಾಹಸ. ತೀರಾ ಬಲಿಷ್ಠರೊಂದಿಗೆ ಆಡಿದರೆ ಹುಡುಗರು ಮುಂದಿನ ವರ್ಷ ಬೇಸ್‌ಬಾಲ್‌ಗೆ ಹೋಗುತ್ತಾರೆ, ತೀರಾ ದುರ್ಬಲರೊಂದಿಗೆ ಆಡಿದರೆ ಕಲಿಯುವುದಿಲ್ಲ. ನಮ್ಮ ಮಟ್ಟದ ಶಾಲೆಗಳು ಎರಡು ಮೂರು ಗಂಟೆ ದಾರಿಯಾಚೆ ಇವೆ. ಬಸ್ಸು ಸಿಕ್ಕರೆ ಅಂಪೈರುಗಳಿಲ್ಲ, ಅಂಪೈರುಗಳು ಸಿಕ್ಕ ದಿನ ಮಳೆ. ರಾತ್ರಿ ಹನ್ನೊಂದಕ್ಕೆ ಬಸ್ಸಿನಿಂದಿಳಿದ ಹುಡುಗ ಬೆಳಿಗ್ಗೆ ಎಂಟಕ್ಕೆ ರಸಾಯನಶಾಸ್ತ್ರದ ಪರೀಕ್ಷೆಗೆ ಕೂರುತ್ತಾನೆ.

ಕೊನೆಗೆ ಸ್ಕಾಲರ್‌ಶಿಪ್ ಮಾತು. ಲೇಖನ ಓದಿ ಬೆಂಗಳೂರಿನ ನನ್ನ ತಂಗಿಯೇ ಫೋನು ಮಾಡಿ, ಮಗನಿಗೆ ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಸೀಟು ಖಾತ್ರಿಯಂತಲ್ಲ ಎಂದು ಕೇಳಿದ್ದರಿಂದ ಇದನ್ನು ಲೆಕ್ಕ ಸಮೇತ ಹೇಳುತ್ತೇನೆ. ಐವಿ ಲೀಗ್ ವಿಶ್ವವಿದ್ಯಾಲಯಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಕಾಲೇಜು ಕ್ರೀಡೆಯ ಮೂರು ಸ್ತರಗಳಲ್ಲಿ ಕೊನೆಯದಾದ, ಲ್ಯಾಕ್ರೋಸ್ ತಂಡಗಳು ಬಹಳಷ್ಟಿರುವ ಮೂರನೆಯ ಡಿವಿಷನ್ನಿನ ಕಾಲೇಜುಗಳೂ ಕೊಡುವುದಿಲ್ಲ. ಮೊದಲ ಡಿವಿಷನ್ನಿನಲ್ಲಿ ಇತ್ತೀಚಿನವರೆಗೆ ಒಂದು ಪುರುಷರ ತಂಡಕ್ಕೆ ಒಟ್ಟು 12.6 ಪೂರ್ಣ ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು. ಅದನ್ನು ನಲವತ್ತೈದು ಹುಡುಗರಿಗೆ ಹಂಚಿದರೆ ತಲಾ ಕಾಲು ಭಾಗಕ್ಕಿಂತ ತುಸು ಹೆಚ್ಚು. ಉಳಿದದ್ದನ್ನು ತಂದೆತಾಯಿಯೇ ಕಟ್ಟಬೇಕು. ಕಾಲೇಜು ಕ್ರೀಡಾಪಟುಗಳ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಿಂದ, ಅದಕ್ಕೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ಆ ಮಿತಿ ಹೋಗಿ ತಂಡದಲ್ಲಿ 48 ಆಟಗಾರರಿಗಿಂತ ಹೆಚ್ಚಿರಬಾರದೆಂಬ ಮಿತಿ ಬಂದಿದೆ. ಸ್ಕಾಲರ್‌ಶಿಪ್ ಹೆಚ್ಚಿಸುವ ಅಧಿಕಾರ ಸಿಕ್ಕಿದೆಯೇ ಹೊರತು ಹೆಚ್ಚಿಸಲೇಬೇಕೆಂಬ ಕಟ್ಟಳೆಯಿಲ್ಲ, ಸ್ಥಾನಗಳಿಗಂತೂ ಗಡಿ ಬಿದ್ದಿದೆ. 2017ರ ನಿಯಮದಂತೆ ಕಾಲೇಜು ಕೋಚ್‌ಗಳು ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಹುಡುಗರನ್ನು ಸಂಪರ್ಕಿಸುವಂತಿಲ್ಲ. ಆ ದಿನ ಮಧ್ಯರಾತ್ರಿ ಕೆಲವು ಮನೆಗಳಲ್ಲಿ ಫೋನು ಬಡಿದುಕೊಳ್ಳುತ್ತದೆ, ನಮ್ಮ ಶಾಲೆಯ ಯಾವ ಮನೆಯಲ್ಲೂ ಬಡಿದುಕೊಂಡಿಲ್ಲ. ಕ್ಲಬ್ಬು, ಪ್ರಯಾಣ, ಸಲಕರಣೆಗೆ ಏಳನೆಯ ತರಗತಿಯಿಂದ ಸುರಿದ ಹಣವನ್ನು ಕೂಡಿಸಿ ನೋಡಿದರೆ, ಸ್ಕಾಲರ್‌ಶಿಪ್ಪಿಗಾಗಿ ಲ್ಯಾಕ್ರೋಸ್ ಆಡಿಸುವ ಪೋಷಕರು ಅದೇ ಹಣವನ್ನು ಬ್ಯಾಂಕಿನಲ್ಲಿಡುವುದು ಲೇಸು ಎಂದೇ ನನ್ನ ಅಭಿಪ್ರಾಯ. ನನ್ನ ಮಗ ಈ ಬೇಸಿಗೆಯಲ್ಲಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದಕ್ಕೆ ತನ್ನ ಅಂಕಗಳ ಬಲದ ಮೇಲೆ ಸೇರಿದ್ದಾನೆ. ಕೋಲನ್ನು ಜೊತೆಗೆ ಒಯ್ದಿದ್ದಾನೆ, ಅಲ್ಲಿನ ವಿದ್ಯಾರ್ಥಿಗಳ ಕ್ಲಬ್ಬಿನಲ್ಲಿ ಆಡಲಿಕ್ಕೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ, ಇಂಥ ವಿಷಯಗಳ ಬಗ್ಗೆ ಬರೆಸುವಾಗ ಪ್ರಶಸ್ತಿ ಗೆದ್ದ ಹತ್ತು ಶಾಲೆಗಳ ಜೊತೆಗೆ, ಐದು ಜನರ ಬೆಂಚಿಟ್ಟುಕೊಂಡು ಆಡುವ ಶಾಲೆಗಳ ಕಡೆಗೂ ಲೇಖಕರನ್ನು ಕಳಿಸಿ. ಸಂಖ್ಯೆಯಲ್ಲಿ ಇವೇ ಹೆಚ್ಚು. ನಾಲ್ಕನೆಯ ವರ್ಷ ನಮ್ಮ ತಂಡ ಹದಿನಾಲ್ಕು ಪಂದ್ಯಗಳಲ್ಲಿ ಏಳನ್ನು ಗೆದ್ದಿತು. ಹಿಂದೆ 18–1ರಿಂದ ಸೋಲಿಸಿದ್ದ ಅದೇ ಶಾಲೆಯೆದುರು 9–7ರಿಂದ ಸೋತಿತು; ಆ ಪುಟದಲ್ಲಿ ಕ್ಲಿಯರ್ 20ರಲ್ಲಿ 16. ಮೇಷ್ಟ್ರು ಅದರ ಫೋಟೊ ತೆಗೆದುಕೊಂಡರು. ದೀಪದ ಹುಡುಗನೂ ನನ್ನ ಮಗನ ಜೊತೆಗೇ ಶಾಲೆ ಮುಗಿಸಿ ಹೋದ. ಮಗಳು ಈಗ ಏಳನೆಯ ತರಗತಿಯಲ್ಲಿದ್ದಾಳೆ, ಶನಿವಾರದ ಗೋಡೆಗೆ ಅವಳೂ ಹೋಗುತ್ತಾಳೆ, ಆದ್ದರಿಂದ ಪುಸ್ತಕ ಬರೆಯುವ ಕೆಲಸ ನನಗೆ ತಪ್ಪಿದ್ದಲ್ಲ. ಫೆಬ್ರವರಿಯಲ್ಲಿ ಅಭ್ಯಾಸ ಶುರುವಾಗುತ್ತದೆ. ಇಪ್ಪತ್ತಾರು ಹುಡುಗರು ಹೆಸರು ಕೊಟ್ಟಿದ್ದಾರೆ, ಗೋಲ್‌ಕೀಪರ್ ಇನ್ನೂ ಸಿಕ್ಕಿಲ್ಲ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗಾರ್ತಿ
ಕ್ಯಾರಿ, ನಾರ್ತ್ ಕೆರೊಲಿನಾ